ಬಲ್ಮಠದ ಸಭೆ: ಒಂದು ಚರಿತ್ರೆ, ನಮಗೊಂದು ಪಾಠ

ನಮ್ಮ ಸಂಘ ಇಪ್ಪತ್ತೈದು ವರ್ಷ ಪೂರೈಸಿದ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಚರಿತ್ರೆಯ ಲೇಖನವೊಂದು ಬೇಕೆಂದಾಗ, ಕೆಂಗಲ್ ಹನುಮಂತಯ್ಯನವರ ಬಗ್ಗೆಯೋ ಆಂಜನೇಯಸ್ವಾಮಿ ಗುಡಿಯ ದನದ ಜಾತ್ರೆಯ ಬಗ್ಗೆಯೋ ಬರೆಯುತ್ತೇವೆಂದು ಹಲವರು ಎಣಿಸಿರಬಹುದು. ಅವನ್ನು ಬರೆಯಬಲ್ಲವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ನಾವು ಆರಿಸಿಕೊಂಡಿರುವುದು ಮಂಗಳೂರಿನ ಒಂದು ಕ್ರೈಸ್ತ ಸಭೆಯ ಚರಿತ್ರೆಯನ್ನು. ಎಲ್ಲಿಯ ಕೆಂಗಲ್, ಎಲ್ಲಿಯ ಮಂಗಳೂರು ಅಂತ ಕೇಳಬಹುದು. ನಮ್ಮ ಕಡೆಯ ಹಳೇ ಮನೆ, ಹಳೇ ಶಾಲೆಗಳ ಮಾಡು ನೋಡಿ. ನಾಡಹೆಂಚು ಇಳಿಸಿ ಹಿರಿಯರು ಹಾಕಿಸಿದ್ದು ಮಂಗಳೂರು ಹೆಂಚನ್ನೇ. ಆ ಹೆಂಚಿನ ಕಾರ್ಖಾನೆ ಹುಟ್ಟಿದ್ದು ಆ ಸಭೆಯವರ ಹೊಟ್ಟೆಪಾಡಿನ ಕಷ್ಟದಿಂದ. ಸಹಕಾರಿಗಳಾದ ನಮಗೆ ಅದರಲ್ಲಿ ತಿಳಿಯಬೇಕಾದ ವಿಷಯವಿದೆ.

ಲೂಥರನ ಹಾದಿ

ಜರ್ಮನಿಯ ಮಾರ್ಟಿನ್ ಲೂಥರ್ 1517ರಲ್ಲಿ ರೋಮಿನ ಮಠಾಧಿಕಾರವನ್ನು ಪ್ರಶ್ನಿಸಿ ನಿಂತದ್ದು ಶಾಲೆಯ ಪುಸ್ತಕಗಳಲ್ಲೇ ಇದೆ. ದೇವರ ಮಾತು ಜನರಾಡುವ ಭಾಷೆಯಲ್ಲಿರಬೇಕು, ಅದನ್ನು ಓದಲು ಸಾಮಾನ್ಯನಿಗೂ ಅಕ್ಷರ ಬರಬೇಕು ಎಂಬುದು ಆತನ ಹಠ. ಈ ಹಾದಿಯವರು ಭಾರತಕ್ಕೆ ಮೊದಲು ಬಂದದ್ದು 1706ರಲ್ಲಿ, ತಮಿಳುನಾಡಿನ ತರಂಗಂಬಾಡಿಗೆ. ಬೆಂಗಳೂರಿನಲ್ಲೂ ಕೋಲಾರದ ಚಿನ್ನದ ಗಣಿಯಲ್ಲೂ ಇರುವ ತಮಿಳು ಲೂಥರನ್ ಸಭೆಗಳು ಆ ಕಡೆಯಿಂದ ಬೆಳೆದವು. ನಮ್ಮ ಹಳೇ ಮೈಸೂರು ಸೀಮೆಯಲ್ಲಿ ಹೆಚ್ಚಾಗಿ ಕೆಲಸ ಮಾಡಿದವರು ಇಂಗ್ಲೆಂಡಿನ ವೆಸ್ಲಿಯನ್ ಮಿಶನ್ನಿನವರು. ಕನ್ನಡದಲ್ಲಿ ಲೂಥರನ ಹಾದಿಯ ಬೇರು ಹುಡುಕಬೇಕಾದರೆ ಮಂಗಳೂರಿನ ಬಾಸೆಲ್ ಮಿಶನ್ನಿಗೇ ಹೋಗಬೇಕು.

ಈ ಮಿಶನ್ 1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ ಸ್ಥಾಪನೆಯಾಯಿತು. ಇದರಲ್ಲಿ ಲೂಥರನ್ನರೂ ರಿಫಾರ್ಮ್ಡ್ ಪಂಥದವರೂ ಕೂಡಿದ್ದರು. ಆದರೆ ಇಲ್ಲಿಗೆ ಬಂದವರಲ್ಲಿ ಬಹಳ ಮಂದಿ ಲೂಥರನ್ ನಾಡಾದ ವುರ್ಟೆಂಬರ್ಗಿನ ಹಳ್ಳಿ ಪಟ್ಟಣಗಳವರು.

ಬಲ್ಮಠದಲ್ಲಿ ಬೇರು

1833ರ ಸನ್ನದಿನಿಂದ ಇಂಗ್ಲಿಷರಲ್ಲದ ಪಾದ್ರಿಗಳಿಗೂ ಕಂಪನಿ ಸೀಮೆ ತೆರೆಯಿತು. ಮಾರನೇ ವರ್ಷವೇ, 1834ರ ಅಕ್ಟೋಬರ್ 30ರಂದು, ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದಿಳಿದರು. ಅವರು ಮೊದಲು ಕೈ ಹಾಕಿದ್ದು ಭಾಷೆ ಕಲಿಯುವುದಕ್ಕೆ ಮತ್ತು ಶಾಲೆ ತೆರೆಯುವುದಕ್ಕೆ. 1836ರಲ್ಲಿ ಬಂದ ಹೆರ್ಮನ್ ಮೊಗ್ಲಿಂಗ್ ಅವರು ಈ ಕೆಲಸಕ್ಕೆ ದೊಡ್ಡ ಹೆಗಲು ಕೊಟ್ಟರು. ಬಲ್ಮಠದ ಗುಡ್ಡದ ಮೇಲೆ ಶಾಲೆ, ಛಾಪಖಾನೆ, ಉಪದೇಶಿಗಳ ತರಬೇತಿ ಎಲ್ಲಾ ಒಂದೊಂದಾಗಿ ಎದ್ದವು.

1841ರಲ್ಲಿ ಕಲ್ಲಚ್ಚಿನ ಛಾಪಖಾನೆ ಬಂತು. 1843ರ ಜುಲೈ 1ರಂದು ಮೊಗ್ಲಿಂಗ್ ಅವರು 'ಮಂಗಳೂರ ಸಮಾಚಾರ' ಹೊರಡಿಸಿದರು. ಕನ್ನಡದ ಮೊದಲ ಪತ್ರಿಕೆ ಇದೇ. ಆದ್ದರಿಂದಲೇ ಆ ದಿನವನ್ನು ಪತ್ರಿಕಾ ದಿನವೆಂದು ಆಚರಿಸುತ್ತೇವೆ. ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳನ್ನು ಹುಡುಕಿ ಅಚ್ಚು ಮಾಡಿಸಿದವರೂ ಮೊಗ್ಲಿಂಗ್ ಅವರೇ. ಮತ ಬೇರೆ, ಆದರೂ ಕನ್ನಡದ ಮೇಲಿನ ಪ್ರೀತಿಗೆ ಅದು ಅಡ್ಡ ಬರಲಿಲ್ಲ ಅನ್ನುವುದು ಗಮನಿಸಬೇಕಾದ ಮಾತು. 1853ರಲ್ಲಿ ಬಂದ ಕಿಟ್ಟೆಲ್ ಸಾಹೇಬರ ದೊಡ್ಡ ನಿಘಂಟು 1894ರಲ್ಲಿ ಇದೇ ಮಿಶನ್ನಿನ ಛಾಪಖಾನೆಯಿಂದ ಹೊರಬಿತ್ತು. ಸುಮಾರು 70,000 ಪದಗಳ ಆ ಪುಸ್ತಕ ಇಲ್ಲದೆ ಇವತ್ತಿಗೂ ಕನ್ನಡ ಪಂಡಿತರ ಕೆಲಸ ಸಾಗದು.

ಆದರೆ ಸಭೆಯಲ್ಲಿ ಸೇರಿದವರ ಕಥೆ ಅಷ್ಟು ಸಲೀಸಾಗಿರಲಿಲ್ಲ. 1844ರಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ತರುಣರು ದೀಕ್ಷಾಸ್ನಾನ ಪಡೆದಾಗ ಊರೇ ಕುದಿಯಿತು. ಮನೆಯವರ ಬಾಗಿಲು ಮುಚ್ಚಿತು. ಅವರು ಬಾಸೆಲ್‌ಗೆ ಹೋಗಿ ಓದಿ 1851ರಲ್ಲಿ ಪಾದ್ರಿಯಾಗಿ ಹಿಂದಿರುಗಿ, ಕೊನೆಯವರೆಗೂ ಈ ನಾಡಿನಲ್ಲೇ ದುಡಿದರು.

ಹೊಟ್ಟೆಪಾಡಿನ ಪ್ರಶ್ನೆ

ಕೌಂಡಿನ್ಯರಿಗೆ ಓದಿತ್ತು. ಓದಿಲ್ಲದವರ ಗತಿ ಏನು? ಸಭೆ ಸೇರಿದವರಲ್ಲಿ ಬಿಲ್ಲವರು ಬಹಳ. ಅವರಲ್ಲಿ ಅನೇಕರ ಕಸುಬು ಕಳ್ಳು ಇಳಿಸುವುದು. ಮಿಶನ್ನಿನವರು ಅದನ್ನು ಬಿಡಬೇಕೆಂದರು. ಒಕ್ಕಲು ಮಾಡುತ್ತಿದ್ದವರಿಗೆ ಧಣಿ ಜಮೀನು ಬಿಡಿಸಿಬಿಟ್ಟರೆ ಕೇಳುವವರಿಲ್ಲ. ಜಾತಿ ಬಿಟ್ಟವನಿಗೆ ಬಾವಿಯೂ ಇಲ್ಲ, ಸಾಲವೂ ಇಲ್ಲ, ಕೂಲಿಯೂ ಇಲ್ಲ. ಬರೀ ಪ್ರಾರ್ಥನೆಯಿಂದ ಒಲೆ ಉರಿಯೋದಿಲ್ಲ ಎಂಬುದು ಪಾದ್ರಿಗಳಿಗೆ ಬೇಗ ಅರ್ಥವಾಯಿತು.

ಮೊದಮೊದಲು ಒಂದೆರಡು ಕೈಕಸುಬು ಮಾಡಿಸಿ ನೋಡಿದರು. ಗದಗದ ಹತ್ತಿರ ಮಲಸಮುದ್ರದಲ್ಲಿ ಬೇಸಾಯದ ಕಾಲೊನಿ ಮಾಡಿದರು, ಅದು ನಿಲ್ಲಲಿಲ್ಲ. ಮಂಗಳೂರಿನಲ್ಲಿ ಕೈಗೆ ಹತ್ತಿದ್ದು ಎರಡು ಕೆಲಸ. ಒಂದು ನೇಯ್ಗೆ: 1851ರಲ್ಲಿ ಬಂದ ಹಾಲರ್ ಎಂಬವರು ಯುರೋಪಿನ ಮಗ್ಗ ತಂದು ನೇಯಿಸಿದರು, ಖಾಕಿ ಬಣ್ಣದ ಬಟ್ಟೆ ಅಲ್ಲೇ ಹುಟ್ಟಿತೆಂದು ಮಂಗಳೂರಿನವರು ಹೇಳುತ್ತಾರೆ. ಇನ್ನೊಂದು ಹೆಂಚು: 1865ರಲ್ಲಿ ಪ್ಲೆಬ್‌ಸ್ಟ್ ಎಂಬವರು ನೇತ್ರಾವತಿಯ ದಡದ ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದರು. ಹೊಳೆ ದಂಡೆಯ ಜೇಡಿಮಣ್ಣು, ಕಾಡಿನ ಸೌದೆ, ಸಾಗಿಸಲು ಬಂದರು, ಮೂರೂ ಹತ್ತಿರದಲ್ಲೇ. ಒಂದಕ್ಕೊಂದು ಕಚ್ಚಿಕೊಳ್ಳುವ ಈ ಹೆಂಚು ನಾಡಹೆಂಚಿಗಿಂತ ಹಗುರ, ಮಳೆಗೂ ಗಟ್ಟಿ. ಮುಂದೆ ಬೇರೆಯವರೂ ಕಾರ್ಖಾನೆ ತೆರೆದು, ಮಂಗಳೂರು ಹೆಂಚು ದೇಶದ ನಾನಾ ಭಾಗಕ್ಕೂ ಸಮುದ್ರದಾಚೆಗೂ ಹೋಯಿತು. ನಮ್ಮ ಊರುಗಳ ಮಾಡಿಗೆ ಬಂದದ್ದು ಹೀಗೆ.

ದಾಖಲೆ ಯಾರ ಹೆಸರಿನಲ್ಲಿ?

ಇಲ್ಲಿಗೆ ನಾವು ಹೇಳಬೇಕೆಂದಿರುವ ಮುಖ್ಯ ವಿಷಯ ಬಂತು. ಕಾರ್ಖಾನೆಯಲ್ಲಿ ಮಣ್ಣು ತುಳಿದವರು, ಮಗ್ಗದಲ್ಲಿ ಕೂತವರು ಸಭೆಯವರು. ಬಂಡವಾಳ, ಲೆಕ್ಕ, ಆಡಳಿತ ಎಲ್ಲಾ ಬಾಸೆಲಿನ ಕೈಯಲ್ಲಿ. ಪಾದ್ರಿಯೂ ಅವರೇ, ಯಜಮಾನರೂ ಅವರೇ. ಕೆಲಸ ಸಿಕ್ಕಿತು, ಕೂಲಿ ಸಿಕ್ಕಿತು, ಮಕ್ಕಳಿಗೆ ಓದೂ ಸಿಕ್ಕಿತು. ಒಡೆತನ ಮಾತ್ರ ಸಿಗಲಿಲ್ಲ.

1914ರಲ್ಲಿ ಮೊದಲ ಮಹಾಯುದ್ಧ ಶುರುವಾಯಿತು. ಜರ್ಮನ್ ಪಾದ್ರಿಗಳು ಬ್ರಿಟಿಷರಿಗೆ ಶತ್ರುಗಳಾದರು. ಅವರನ್ನು ಬಂಧನದಲ್ಲಿಟ್ಟು ಆಮೇಲೆ ದೇಶಕ್ಕೆ ಕಳಿಸಿದರು. ಸರ್ಕಾರ ಕಾರ್ಖಾನೆಗಳನ್ನು ವಶಕ್ಕೆ ತೆಗೆದುಕೊಂಡಿತು. ಯುದ್ಧ ಮುಗಿದ ಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ತಲೆಮಾರುಗಳಿಂದ ದುಡಿದವರನ್ನು ಒಂದು ಮಾತು ಕೇಳಿದವರಿಲ್ಲ. ಕೇಳಬೇಕಾದ ಕಾರಣವೂ ಇರಲಿಲ್ಲ, ಕಾಗದದಲ್ಲಿ ಅವರ ಹೆಸರೇ ಇರಲಿಲ್ಲವಲ್ಲ!

ಹಾಗಾದರೆ ಸಭೆ ಒಡೆದುಹೋಯಿತೇ? ಇಲ್ಲ. ಅದು ಉಳಿಯಿತು. ಯಾಕೆಂದರೆ ಅಷ್ಟು ಹೊತ್ತಿಗೆ ಊರಿನವರೇ ಆದ ಪಾದ್ರಿಗಳು, ಉಪದೇಶಿಗಳು, ಶಾಲೆಯ ಮೇಷ್ಟರು, ಸಭೆಯ ಹಿರಿಯರು ತಯಾರಾಗಿದ್ದರು. ಆರಾಧನೆ ಕನ್ನಡದಲ್ಲಿತ್ತು, ಹಾಡಿನ ಪುಸ್ತಕ ಕೈಯಲ್ಲಿತ್ತು, ಓದು ತಲೆಯಲ್ಲಿತ್ತು. ಬೇರೆಯವರ ಹೆಸರಿನಲ್ಲಿದ್ದದ್ದು ಹೋಯಿತು, ಜನ ಕಲಿತು ತಮ್ಮದು ಮಾಡಿಕೊಂಡದ್ದು ಉಳಿಯಿತು. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತದ ಹಲವು ಪಂಥಗಳು ಒಂದಾಗಿ ಸಿ.ಎಸ್.ಐ. ಸಭೆಯಾದಾಗ ದಕ್ಷಿಣ ಕನ್ನಡದ ಸಭೆಗಳೂ ಅದರಲ್ಲಿ ಸೇರಿದವು. ಧಾರವಾಡ ಕಡೆಯವು 1968ರಲ್ಲಿ ಸೇರಿದವು. ಬಲ್ಮಠದ ಶಾಂತಿ ದೇವಾಲಯದಲ್ಲಿ ಇಂದಿಗೂ ಕನ್ನಡದಲ್ಲಿ ಆರಾಧನೆ ನಡೆಯುತ್ತದೆ.

ನಮಗೇನು ಪಾಠ?

ಅದೇ ಜರ್ಮನ್ ನಾಡಿನಲ್ಲಿ ರೈಫೈಸನ್ ಎಂಬ ಹಳ್ಳಿಗಾಡಿನ ಮೇಯರ್ ಒಬ್ಬರಿದ್ದರು. ಬಡ ರೈತರಿಗೆ ದಾನ ಕೊಟ್ಟು ನೋಡಿದರು, ಅದು ಬಹಳ ದಿನ ನಡೆಯಲಿಲ್ಲ. ಆಗ 1864ರಲ್ಲಿ ರೈತರೇ ಸದಸ್ಯರಾಗಿ, ಒಬ್ಬರಿಗೊಬ್ಬರು ಜಾಮೀನಾಗಿ ನಡೆಸುವ ಸಾಲದ ಸಂಘ ಕಟ್ಟಿದರು. ಮದ್ರಾಸಿನ ನಿಕೊಲ್ಸನ್ ವರದಿ ಆ ಮಾದರಿಯನ್ನೇ ಶಿಫಾರಸು ಮಾಡಿತು. 1904ರಲ್ಲಿ ಕಾನೂನು ಬಂತು. 1905ರಲ್ಲಿ ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘ ಸ್ಥಾಪಿಸಿದರು. ಜೆಪ್ಪುವಿನಲ್ಲಿ ಸಿಗದೇ ಹೋದ ಒಡೆತನವನ್ನು ಹಳ್ಳಿಯವನ ಕೈಗೆ ಕೊಟ್ಟದ್ದು ಈ ಹಾದಿ.

ನಮ್ಮ ಸಂಘದ ಷೇರು ಪುಸ್ತಕದಲ್ಲಿರುವುದು ನಮ್ಮ ನಿಮ್ಮ ಹೆಸರು. ಆದರೆ ಹೆಸರಿದ್ದರೆ ಸಾಲದು. ಮಹಾಸಭೆಗೆ ಬಾರದೆ, ಲೆಕ್ಕ ಕೇಳದೆ, "ಕಾರ್ಯದರ್ಶಿಗಳು ನೋಡ್ಕೋತಾರೆ ಬಿಡಿ" ಅಂತ ಕೂತರೆ ನಾವೂ ಬರೀ ಕೂಲಿಯವರೇ ಆಗುತ್ತೇವೆ. ಸಾಲ ಸಕಾಲಕ್ಕೆ ಕಟ್ಟಬೇಕು, ಲೆಕ್ಕ ಓದಲು ಮಕ್ಕಳಿಗೂ ಹೆಣ್ಣುಮಕ್ಕಳಿಗೂ ಕಲಿಸಬೇಕು, ನಾಳೆ ನಡೆಸುವವರನ್ನು ಇವತ್ತೇ ತಯಾರು ಮಾಡಬೇಕು. ಹೊರಗಿನ ಸಹಾಯ ಬಂದರೆ ಬರಲಿ, ಅದು ನಿಂತ ದಿನವೂ ನಮ್ಮ ಸಂಘದ ಬಾಗಿಲು ತೆರೆದಿರಬೇಕು.

ಬೆಳ್ಳಿಹಬ್ಬ ಕಂಡ ನಮ್ಮ ಸಂಘ ಸುವರ್ಣ ಮಹೋತ್ಸವವನ್ನೂ ಕಾಣಲಿ, ಅಂದು ಅದನ್ನು ನಡೆಸುವವರು ಈ ಊರಿನ ಮಕ್ಕಳೇ ಆಗಿರಲಿ ಎಂದು ಹಾರೈಸುತ್ತೇವೆ.