ಕಡಲಾಳದ ಪುಟ್ಟ ರೋಬೋಟ್‌ಗಳು: ನೋಡುವ ಶಕ್ತಿ ಯಾರ ಕೈಯಲ್ಲಿದೆ?

ಆಳ ಸಮುದ್ರದ ತಳದಲ್ಲಿ ಮನುಷ್ಯರು ಕಣ್ಣಾರೆ ಅಥವಾ ಕ್ಯಾಮೆರಾ ಮೂಲಕ ನೋಡಿರುವ ಭಾಗ ಶೇ. 0.001ಕ್ಕಿಂತಲೂ ಕಡಿಮೆ. 2025ರಲ್ಲಿ 'ಸೈನ್ಸ್ ಅಡ್ವಾನ್ಸಸ್' ಪತ್ರಿಕೆಯಲ್ಲಿ ಬಂದ ಅಧ್ಯಯನದ ಲೆಕ್ಕವಿದು. ನನಗೆ ಇದಕ್ಕಿಂತ ಮುಖ್ಯ ಅನ್ನಿಸಿದ್ದು ಅದರಲ್ಲಿರುವ ಇನ್ನೊಂದು ಅಂಕಿ. ಹೀಗೆ ಇಳಿದು ನೋಡಿದ ಪ್ರಯತ್ನಗಳಲ್ಲಿ ಶೇ. 97ರಷ್ಟು ಐದೇ ದೇಶಗಳ ಸಂಸ್ಥೆಗಳದ್ದು: ಅಮೆರಿಕ, ಜಪಾನ್, ನ್ಯೂಜಿಲೆಂಡ್, ಫ್ರಾನ್ಸ್, ಜರ್ಮನಿ.

ಕಾರಣ ಸರಳ, ದುಡ್ಡು. ದೊಡ್ಡ ಯಂತ್ರ ಇಳಿಸೋಕೆ ದೊಡ್ಡ ಹಡಗು, ಕ್ರೇನು, ದೊಡ್ಡ ತಂಡ ಎಲ್ಲವೂ ಬೇಕು. ಪುಟ್ಟ ಸ್ವಯಂಚಾಲಿತ ರೋಬೋಟ್‌ಗಳು ಈ ಲೆಕ್ಕಾಚಾರವನ್ನೇ ಬದಲಿಸಬಲ್ಲವು.

ಸ್ವಯಂಚಾಲಿತ ಯಾಕಾಗಿರಬೇಕು? ನೀರಿನೊಳಗೆ ರೇಡಿಯೊ ಅಲೆಗಳು ದೂರ ಹೋಗಲ್ಲ, ಜಿಪಿಎಸ್ ಸಿಗಲ್ಲ. ಉಳಿಯೋದು ಶಬ್ದವೊಂದೇ. ಅದರ ವೇಗ ಸೆಕೆಂಡಿಗೆ ಸುಮಾರು 1,500 ಮೀಟರ್. ಅಂದರೆ 6,000 ಮೀಟರ್ ಕೆಳಗಿರುವ ರೋಬೋಟಿಗೆ ಒಂದು ಸೂಚನೆ ಮುಟ್ಟಲು ನಾಲ್ಕು ಸೆಕೆಂಡು. ಕೇಬಲ್ ಇಲ್ಲದಿದ್ದರೆ ದಾರಿಯನ್ನು ಅದೇ ನಿರ್ಧರಿಸಬೇಕು.

ಇನ್ನು ಒತ್ತಡದ ವಿಷಯ. ಪ್ರತಿ 10 ಮೀಟರಿಗೆ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತೆ. ಹಾಗಾಗಿ ಒಳಗಿನ ಟೊಳ್ಳು ಜಾಗ ಚಿಕ್ಕದಾದಷ್ಟೂ ಅದನ್ನು ಕಾಪಾಡೋದು ಸುಲಭ. ತೇಲಲು ಸಣ್ಣ ಗಾಜಿನ ಗೋಲಿಗಳನ್ನು ರಾಳದಲ್ಲಿ ಹುದುಗಿಸಿದ ಗಟ್ಟಿ ಫೋಮ್ ಬಳಸುತ್ತಾರೆ.

ಅಮೆರಿಕದ ವುಡ್ಸ್ ಹೋಲ್ ಸಂಸ್ಥೆ ಮತ್ತು ನಾಸಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿ ಸೇರಿ ರೂಪಿಸಿದ 'ಓರ್ಫಿಯಸ್' ಇಂಥದ್ದೇ. ತೂಕ ಸುಮಾರು 250 ಕೆ.ಜಿ., ಗುರಿ 11,000 ಮೀಟರ್ ಆಳ. ತಳದ ಕಲ್ಲು, ತಗ್ಗುಗಳನ್ನು ಕ್ಯಾಮೆರಾದಲ್ಲಿ ಗುರುತು ಹಿಡಿದು ತಾನೆಲ್ಲಿದ್ದೇನೆ ಅಂತ ಅದು ತಿಳಿದುಕೊಳ್ಳುತ್ತೆ. ಇದೇ ವುಡ್ಸ್ ಹೋಲ್‌ನ ದುಬಾರಿ ಯಂತ್ರ 'ನೆರಿಯಸ್' 2014ರಲ್ಲಿ ಕರ್ಮಡೆಕ್ ಕಂದಕದಲ್ಲಿ, 9,900 ಮೀಟರ್ ಆಳದಲ್ಲಿ ನಾಶವಾಯಿತು. ಇದ್ದ ಒಂದೇ ಯಂತ್ರ ಹೋದರೆ ಕೆಲಸವೇ ನಿಲ್ಲುತ್ತೆ. ಹತ್ತು ಪುಟ್ಟವುಗಳಲ್ಲಿ ಒಂದು ಹೋದರೆ ಒಂಬತ್ತು ಉಳಿಯುತ್ತವೆ.

ಭಾರತವೂ ಈ ಕಣದಲ್ಲಿದೆ. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯ 'ಓಎಂಇ-6000', ಓರ್ಫಿಯಸ್‌ನಷ್ಟು ಪುಟ್ಟದಲ್ಲದಿದ್ದರೂ, 2022ರ ಡಿಸೆಂಬರ್‌ನಲ್ಲಿ ಮಧ್ಯ ಹಿಂದೂ ಮಹಾಸಾಗರದಲ್ಲಿ 5,271 ಮೀಟರ್ ಆಳಕ್ಕೆ ಇಳಿದು ಖನಿಜ ಗಂಟುಗಳ ಸಮೀಕ್ಷೆ ನಡೆಸಿತು. ಅಲ್ಲಿ 75,000 ಚದರ ಕಿ.ಮೀ. ಪ್ರದೇಶದಲ್ಲಿ ನಿಕಲ್, ಕೋಬಾಲ್ಟ್, ತಾಮ್ರ, ಮ್ಯಾಂಗನೀಸ್ ಇರುವ ಗಂಟುಗಳನ್ನು ಶೋಧಿಸುವ ಹಕ್ಕು ಭಾರತಕ್ಕಿದೆ.

ನಿಜವಾದ ಪ್ರಶ್ನೆ ಇಲ್ಲೇ ಇದೆ. ಜೀವವೈವಿಧ್ಯ ನೋಡುವ ಕ್ಯಾಮೆರಾವೇ ಗಣಿಗೆ ಜಾಗವನ್ನೂ ತೋರಿಸುತ್ತೆ. ಆ ಗಂಟುಗಳು ಹತ್ತು ಲಕ್ಷ ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುತ್ತವೆ. ಪೆಸಿಫಿಕ್‌ನಲ್ಲಿ 1979ರ ಪ್ರಾಯೋಗಿಕ ಗಣಿಗಾರಿಕೆಯ ಯಂತ್ರ ಬಿಟ್ಟುಹೋದ ಜಾಡು ನಾಲ್ಕು ದಶಕ ದಾಟಿದ ಮೇಲೂ ಅಲ್ಲೇ ಇತ್ತು.

ವಿಶ್ವಸಂಸ್ಥೆಯ ಸಮುದ್ರ ಕಾನೂನಿನ ಪ್ರಕಾರ, ಯಾವ ದೇಶದ ವ್ಯಾಪ್ತಿಗೂ ಸೇರದ ಕಡಲತಳ ಇಡೀ ಮನುಕುಲದ ಆಸ್ತಿ. ಹಾಗಿದ್ದ ಮೇಲೆ ಅಲ್ಲಿ ತೆಗೆದ ಚಿತ್ರ, ಮಾಹಿತಿಯೂ ಎಲ್ಲರದ್ದಾಗಬೇಕಲ್ವಾ? ರೋಬೋಟ್ ಅಗ್ಗವಾದರಷ್ಟೇ ಸಾಲದು. ಸಾರ್ವಜನಿಕ ದುಡ್ಡಲ್ಲಿ ಕಂಡದ್ದು, ಗಣಿ ಪರವಾನಗಿಯ ಮಾತು ಬರುವ ಮೊದಲೇ ಸಾರ್ವಜನಿಕರಿಗೂ ಕಾಣಬೇಕು ಅನ್ನೋದು ನನ್ನ ವಾದ.