ದೋಣಿಯ ಗಣಕದಲ್ಲಿ ಜಿಪಿಎಸ್ ಮೌನವಾದರೆ: ದೋಷ ಹುಡುಕುವ ಕ್ರಮ

ಮಲ್ಪೆ ಬಂದರಿನಿಂದ 2018ರ ಡಿಸೆಂಬರ್ 13ರಂದು ಮೀನುಗಾರಿಕೆಗೆ ಹೊರಟ ‘ಸುವರ್ಣ ತ್ರಿಭುಜ’ ಬೋಟ್ ಎರಡು ದಿನಗಳ ಬಳಿಕ ಸಂಪರ್ಕ ಕಡಿದುಕೊಂಡಿತು. ಅದರಲ್ಲಿ ಏಳು ಮಂದಿ ಮೀನುಗಾರರಿದ್ದರು. ಮಹಾರಾಷ್ಟ್ರದ ಮಾಲ್ವಣ್ ಕರಾವಳಿಯಿಂದ ಸುಮಾರು 33 ಕಿ.ಮೀ. ದೂರದಲ್ಲಿ, 60 ಮೀಟರ್ ಆಳದಲ್ಲಿ ಅದರ ಅವಶೇಷಗಳು ನೌಕಾಪಡೆಯ ‘ಐಎನ್‌ಎಸ್ ನಿರೀಕ್ಷಕ್’ ಹಡಗಿಗೆ ಪತ್ತೆಯಾದ ಸಂಗತಿ ಪ್ರಕಟವಾದದ್ದು 2019ರ ಮೇ ತಿಂಗಳ ಆರಂಭದಲ್ಲಿ. ದೋಣಿ ಎಲ್ಲಿದೆ ಎಂಬ ಒಂದೇ ಪ್ರಶ್ನೆಗೆ ಉತ್ತರ ಸಿಗದೆ ಏಳು ಕುಟುಂಬಗಳು ನಾಲ್ಕೂವರೆ ತಿಂಗಳು ಕಾದವು.

ಆ ಪ್ರಶ್ನೆಗೆ ಉತ್ತರಿಸಬೇಕಾದ ಸಾಧನಗಳು ಇಂದು ದುಬಾರಿಯಲ್ಲ. ಅಂಗೈಯಗಲದ ಒಂದು ಗಣಕ, ಅದರಲ್ಲಿ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆ, ‘ಓಪನ್‌ಸಿಪಿಎನ್’ ಎಂಬ ಉಚಿತ ನಕಾಶೆ ತಂತ್ರಾಂಶ, ಯುಎಸ್‌ಬಿ ಕಿಂಡಿಗೆ ಸಿಕ್ಕಿಸುವ ಒಂದು ಜಿಪಿಎಸ್ ರಿಸೀವರ್ ಹಾಗೂ ಸುತ್ತಲಿನ ಹಡಗುಗಳ ಸಂಕೇತ ಹಿಡಿಯುವ ಒಂದು ಎಐಎಸ್ ರಿಸೀವರ್ ಇದ್ದರೆ ಸಣ್ಣ ದೋಣಿಗೂ ಪಥದರ್ಶಕ ಸಿದ್ಧವಾಗುತ್ತದೆ. ಆದರೆ ಇವು ಕೈಕೊಟ್ಟಾಗ ದೋಷವೆಲ್ಲಿದೆ ಎಂದು ಹುಡುಕುವ ಕ್ರಮ ತಿಳಿದಿರಬೇಕು.

ಕಡಲಿಲ್ಲದ ಸೇಡಂ, ಚಿತ್ತಾಪುರಗಳಿಗೆ ಇದರಿಂದೇನು ಪ್ರಯೋಜನವೆಂದು ಓದುಗರು ಕೇಳಬಹುದು. ಮಲ್ಪೆಯ ಮೇಲೆ ಹಾಯುವ ಉಪಗ್ರಹಗಳೇ ಕಾಗಿಣಾ ತೀರದ ಮೇಲೂ ಹಾಯುತ್ತವೆ. ನೆರೆಯ ಕಾಲದಲ್ಲಿ ಈ ಜಿಲ್ಲೆಗೂ ರಕ್ಷಣಾ ದೋಣಿಗಳು ಬರುತ್ತವೆ. 2020ರ ಅಕ್ಟೋಬರ್‌ನ ಭೀಮಾ ಪ್ರವಾಹ ಇದಕ್ಕೆ ಸಾಕ್ಷಿ. ದೋಣಿಗೆ ಹೋಗುವ ಗಣಕವನ್ನು ನೀರಿಗಿಳಿಸುವ ಮೊದಲು ನೆಲದ ಮೇಲೆ ಪರೀಕ್ಷಿಸಲು ಈ ಭಾಗದ ಬಯಲು ತಕ್ಕ ಸ್ಥಳ. ಪರೀಕ್ಷೆಗೆ ನಿಲುಕದ ಭಾಗವೂ ಒಂದಿದೆ. ಅದನ್ನು ಮುಂದೆ ನೋಡೋಣ.

ಸರಪಳಿಯ ಕೊಂಡಿಗಳು

ಆಕಾಶ, ಆಂಟೆನಾ, ರಿಸೀವರ್, ಕೇಬಲ್, ಗಣಕದ ಕಿಂಡಿ, ಮಾಹಿತಿ ಹಂಚುವ ತಂತ್ರಾಂಶ, ಪರದೆಯ ಮೇಲಿನ ನಕಾಶೆ. ಸ್ಥಾನಮಾಹಿತಿ ಈ ಏಳು ಕೊಂಡಿಗಳನ್ನು ದಾಟಿ ಬರುತ್ತದೆ. ಪರದೆ ಖಾಲಿಯಾದೊಡನೆ ನಕಾಶೆ ತಂತ್ರಾಂಶವನ್ನು ಅಳಿಸಿ ಮತ್ತೆ ಅಳವಡಿಸುವುದು ಸಾಮಾನ್ಯ ತಪ್ಪು. ಒಂದು ತುದಿಯಿಂದ ಆರಂಭಿಸಿ ಒಂದೊಂದೇ ಕೊಂಡಿಯನ್ನು ಪರೀಕ್ಷಿಸುತ್ತ ಹೋದರೆ ದೋಷ ತಾನಾಗಿ ಹೊರಬೀಳುತ್ತದೆ.

ಆಕಾಶ ಮತ್ತು ಆಂಟೆನಾ

ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತವೆ. 1575.42 ಮೆಗಾಹರ್ಟ್ಸ್ ಆವರ್ತನದ ಅವುಗಳ ಸಂಕೇತ ನೆಲಕ್ಕೆ ತಲುಪುವ ಹೊತ್ತಿಗೆ ಅತಿ ಕ್ಷೀಣವಾಗಿರುತ್ತದೆ. ಸ್ಥಾನ ನಿರ್ಧರಿಸಲು ಕನಿಷ್ಠ ನಾಲ್ಕು ಉಪಗ್ರಹಗಳು ಬೇಕು. ಶಹಾಬಾದಿನ ಕಲ್ಲುಚಪ್ಪಡಿಯ ಮನೆಯೊಳಗೆ ಮೌನವಾಗಿರುವ ರಿಸೀವರ್ ಸೇಡಮಿನ ಮಾಳಿಗೆಯ ಮೇಲೆ ಮಾತನಾಡಿದರೆ ಅದರಲ್ಲಿ ದೋಷವಿಲ್ಲ. ಕಲ್ಲುಗಣಿಯ ತಳದಲ್ಲಿ ಗೋಡೆಗಳು ದಿಗಂತದ ಬಳಿಯ ಉಪಗ್ರಹಗಳನ್ನು ಮರೆಮಾಡುತ್ತವೆ. ಚಿಂಚೋಳಿಯ ಕಾಡಿನಲ್ಲಿ ಎಲೆಗಳ ಚಪ್ಪರ ಸಂಕೇತವನ್ನು ಕುಂದಿಸುತ್ತದೆ. ದೋಣಿಯಲ್ಲಿ ಇದೇ ಕೆಲಸವನ್ನು ಚಾಲಕನ ಕೋಣೆಯ ಲೋಹದ ಮಾಡು ಮಾಡುತ್ತದೆ. ಆದ್ದರಿಂದ ಮೊದಲ ಪರೀಕ್ಷೆ ಚಿತ್ತಾಪುರದ ತೊಗರಿ ಹೊಲದಂತಹ ತೆರೆದ ಬಯಲಿನಲ್ಲಿ ನಡೆಯಲಿ.

ಎರಡನೆಯದು ತಾಳ್ಮೆ. ಬಹುಕಾಲ ಆರಿದ್ದ ಅಥವಾ ನೂರಾರು ಕಿಲೋಮೀಟರ್ ಸಾಗಿಸಲಾದ ರಿಸೀವರ್ ತನ್ನ ಬಳಿಯ ಹಳೆಯ ಲೆಕ್ಕವನ್ನು ನಂಬುವಂತಿಲ್ಲ. ಉಪಗ್ರಹವೊಂದು ತನ್ನ ಸಂಪೂರ್ಣ ಸಂದೇಶವನ್ನು ಪ್ರಸಾರ ಮಾಡಲು 12.5 ನಿಮಿಷ ಬೇಕು. ಸೇಡಮಿನಿಂದ ಮಲ್ಪೆಗೆ ಒಯ್ದ ಸಾಧನಕ್ಕೆ ಕಾಲು ಗಂಟೆ ಕಾಲಾವಕಾಶ ನೀಡದೆ ಕೆಟ್ಟಿದೆ ಎನ್ನಲಾಗದು.

ಕೇಬಲ್, ವಿದ್ಯುತ್, ಕಿಂಡಿ

ರಿಸೀವರ್ ಸಿಕ್ಕಿಸಿದಾಗ ಗಣಕ ಅದನ್ನು ಗುರುತಿಸಿತೇ ಎಂಬುದನ್ನು ‘ಎಲ್‌ಎಸ್‌ಯುಎಸ್‌ಬಿ’ ಹಾಗೂ ‘ಡಿಎಂಇಎಸ್‌ಜಿ’ ಆದೇಶಗಳು ತಿಳಿಸುತ್ತವೆ. ಪಟ್ಟಿಯಲ್ಲಿ ಹೆಸರೇ ಇಲ್ಲದಿದ್ದರೆ ಕೇಬಲ್, ಕಿಂಡಿ ಅಥವಾ ರಿಸೀವರ್ ಕೆಟ್ಟಿದೆ. ಪದೇ ಪದೇ ಬಂದು ಹೋಗುತ್ತಿದ್ದರೆ ವಿದ್ಯುತ್ ಸಾಲದು. ದೋಣಿಯ ಎಂಜಿನ್ ಚಾಲೂ ಮಾಡುವ ಕ್ಷಣದಲ್ಲಿ ಬ್ಯಾಟರಿಯ ಒತ್ತಡ ಕುಸಿಯುವುದರಿಂದ, ದಡದಲ್ಲಿ ಸರಿಯಿದ್ದ ಗಣಕ ಹೊರಡುವ ಹೊತ್ತಿಗೆ ಸ್ತಬ್ಧವಾಗಬಹುದು. ಇಲ್ಲಿ ಬೇಕಾದದ್ದು ಉತ್ತಮ ವೋಲ್ಟೇಜ್ ಪರಿವರ್ತಕ. ತಂತ್ರಾಂಶದ ಬದಲಾವಣೆಯಿಂದ ಫಲವಿಲ್ಲ.

ಗುರುತಿಸಿದ ಸಾಧನಕ್ಕೆ ಲಿನಕ್ಸ್ ‘ಟಿಟಿವೈ-ಯುಎಸ್‌ಬಿ 0’ ಅಥವಾ ‘ಟಿಟಿವೈ-ಎಸಿಎಂ 0’ ಎಂಬಂತಹ ಹೆಸರು ಕೊಡುತ್ತದೆ. ಅನುಮತಿ ಇಲ್ಲವೆಂಬ ಸಂದೇಶ ಬಂದರೆ, ಡೆಬಿಯನ್ ಬಳಗದ ಗಣಕಗಳಲ್ಲಿ ಬಳಕೆದಾರನನ್ನು ‘ಡಯಲ್‌ಔಟ್’ ಗುಂಪಿಗೆ ಸೇರಿಸಿ ಮರಳಿ ಲಾಗಿನ್ ಆಗಬೇಕು.

ಹೆಸರು ಅದಲು ಬದಲಾಗುವುದು ಇನ್ನೊಂದು ತೊಡಕು. ಎರಡು ರಿಸೀವರ್‌ಗಳಿದ್ದಾಗ ಇಂದು ಸೊನ್ನೆಯಾಗಿದ್ದ ಜಿಪಿಎಸ್ ನಾಳೆ ಗಣಕ ಚಾಲೂ ಮಾಡಿದಾಗ ಒಂದಾಗಬಹುದು. ಎಐಎಸ್ ಅದರ ಸ್ಥಾನಕ್ಕೆ ಬರಬಹುದು. ಏನನ್ನೂ ಮುಟ್ಟದಿದ್ದರೂ ಎರಡೂ ಕೆಟ್ಟಂತೆ ತೋರುವುದು ಆಗಲೇ. ‘ಯುಡೆವ್’ ನಿಯಮದ ಮೂಲಕ ಪ್ರತಿ ಸಾಧನಕ್ಕೂ ಸ್ಥಿರ ಹೆಸರು ಕೊಡುವುದೇ ಪರಿಹಾರ.

ರಿಸೀವರಿನ ಭಾಷೆ

ಸಮುದ್ರಯಾನದ ಉಪಕರಣಗಳು ‘ಎನ್‌ಎಂಇಎ 0183’ ಎಂಬ ಮಾನಕದಲ್ಲಿ ಒಂದೊಂದು ಸಾಲಾಗಿ ಮಾಹಿತಿ ಕಳುಹಿಸುತ್ತವೆ. ರೂಢಿಯಂತೆ ಜಿಪಿಎಸ್ ವೇಗ ಸೆಕೆಂಡಿಗೆ 4,800 ಬಿಟ್, ಎಐಎಸ್ ವೇಗ 38,400 ಬಿಟ್. ಇತ್ತೀಚಿನ ಅನೇಕ ಜಿಪಿಎಸ್ ಸಾಧನಗಳು 9,600ರಲ್ಲಿ ಕಳುಹಿಸುತ್ತವೆ. ಪರದೆಯ ತುಂಬ ಅರ್ಥವಿಲ್ಲದ ಚಿಹ್ನೆಗಳು ಬಂದರೆ ವೇಗ ಹೊಂದಿಲ್ಲವೆಂದರ್ಥ.

ಸಾಲುಗಳು ಸರಿಯಾಗಿ ಬರುತ್ತಿದ್ದರೆ ‘ಆರ್‌ಎಂಸಿ’ ಸಾಲನ್ನು ಓದಬೇಕು. ಸಮಯದ ನಂತರ ಬರುವ ಇಂಗ್ಲಿಷಿನ ‘ಎ’ ಅಕ್ಷರ ಸ್ಥಾನ ನಂಬಲರ್ಹ ಎನ್ನುತ್ತದೆ. ‘ವಿ’ ಇದ್ದರೆ ನಂಬಬಾರದು. ‘ಜಿಎಸ್‌ವಿ’ ಸಾಲು ಕಾಣುತ್ತಿರುವ ಉಪಗ್ರಹಗಳನ್ನೂ ಅವುಗಳ ಸಂಕೇತದ ಬಲವನ್ನೂ ತಿಳಿಸುತ್ತದೆ.

ಅಂಕಿಗಳನ್ನು ಓದುವಲ್ಲಿಯೂ ಎಡವುವುದುಂಟು. ಈ ಮಾನಕದಲ್ಲಿ 1711 ಎಂದರೆ 17 ಡಿಗ್ರಿ 11 ನಿಮಿಷ, 17.11 ಡಿಗ್ರಿ ಅಲ್ಲ. ಸೇಡಂ ಪಟ್ಟಣ ಸುಮಾರು 17 ಡಿಗ್ರಿ 11 ನಿಮಿಷ ಉತ್ತರ, 77 ಡಿಗ್ರಿ 17 ನಿಮಿಷ ಪೂರ್ವದಲ್ಲಿದೆ. ಇದನ್ನು 17.11 ಹಾಗೂ 77.17 ಎಂದು ಓದಿದವನ ನಕಾಶೆಯಲ್ಲಿ ಸೇಡಂ ದಕ್ಷಿಣಕ್ಕೆ 8 ಕಿ.ಮೀ., ಪಶ್ಚಿಮಕ್ಕೆ 12 ಕಿ.ಮೀ. ಸರಿಯುತ್ತದೆ. ಕಲ್ಲುಬಂಡೆಗಳಿರುವ ಕರಾವಳಿಯಲ್ಲಿ ಇಷ್ಟು ತಪ್ಪು ದೋಣಿಯನ್ನು ಒಡೆಯಲು ಸಾಕು.

ಒಂದು ಕಿಂಡಿ, ಹಲವು ಹಕ್ಕುದಾರರು

ಒಂದೇ ಕಿಂಡಿಯನ್ನು ಎರಡು ತಂತ್ರಾಂಶಗಳು ಓದತೊಡಗಿದರೆ ಸಾಲುಗಳು ಹರಿದು ಹಂಚಿಹೋಗುತ್ತವೆ. ಇದನ್ನು ತಪ್ಪಿಸಲೆಂದೇ ‘ಜಿಪಿಎಸ್‌ಡಿ’ ಎಂಬ ಸೇವಾತಂತ್ರಾಂಶವಿದೆ; ಅದು ಕಿಂಡಿಯನ್ನು ತಾನೊಬ್ಬನೇ ಓದಿ, 2947ನೇ ಪೋರ್ಟ್ ಮೂಲಕ ಉಳಿದವರಿಗೆ ಹಂಚುತ್ತದೆ. ಅದು ಚಾಲ್ತಿಯಲ್ಲಿರುವಾಗ ಓಪನ್‌ಸಿಪಿಎನ್‌ಗೆ ಕಿಂಡಿಯ ಹೆಸರನ್ನು ನೇರವಾಗಿ ಕೊಡಬಾರದು. ‘ಮೋಡೆಮ್‌ಮ್ಯಾನೇಜರ್’ ಸೇವೆ ಹೊಸ ಸಾಧನವನ್ನು ಮೋಡೆಮ್ ಎಂದು ಭಾವಿಸಿ ಕೆಣಕುವುದುಂಟು. ದೋಣಿಯಲ್ಲಿ ಅದರ ಅಗತ್ಯವಿಲ್ಲದಿದ್ದರೆ ನಿಲ್ಲಿಸುವುದು ಲೇಸು.

ತಾರೀಖು ಹಿಂದೆ ಜಿಗಿದರೆ

ಹಳೆಯ ಜಿಪಿಎಸ್ ಸಂಕೇತದಲ್ಲಿ ವಾರಗಳ ಎಣಿಕೆ 1,024ಕ್ಕೆ ತಲುಪಿದಾಗ ಸೊನ್ನೆಗೆ ಮರಳುತ್ತದೆ. ಇದು 1999ರ ಆಗಸ್ಟ್‌ನಲ್ಲಿ ಹಾಗೂ 2019ರ ಏಪ್ರಿಲ್ 6ರ ರಾತ್ರಿ ಸಂಭವಿಸಿತು. ಮುಂದಿನದು 2038ರ ನವೆಂಬರ್‌ನಲ್ಲಿ. ಹಳೆಯ ರಿಸೀವರ್ ಸ್ಥಾನವನ್ನು ಸರಿಯಾಗಿ ಹೇಳುತ್ತಲೇ ತಾರೀಖನ್ನು ಸುಮಾರು 19.6 ವರ್ಷ ಹಿಂದಕ್ಕೆ ತೋರಿಸಿದರೆ ಕಾರಣ ಇದೇ. ಜಿಪಿಎಸ್‌ಡಿಯ 3.20ರಿಂದ 3.22ರವರೆಗಿನ ಆವೃತ್ತಿಗಳಲ್ಲಿ ಬೇರೊಂದು ದೋಷವಿದ್ದು, 2021ರ ಅಕ್ಟೋಬರ್ 24ರಂದು ತಾರೀಖು 2002ಕ್ಕೆ ಜಿಗಿಯುವಂತಿತ್ತು, 3.23ರಲ್ಲಿ ಅದನ್ನು ಸರಿಪಡಿಸಲಾಯಿತು. ಹಳೆಯ ಆವೃತ್ತಿಯನ್ನೇ ಬಳಸುತ್ತಿರುವವರು ದಡದಲ್ಲಿರುವಾಗಲೇ ನವೀಕರಿಸಿಕೊಳ್ಳಬೇಕು.

ಸೇಡಮಿನಲ್ಲಿ ಕೇಳದ ದನಿ

ನೆಲದ ಮೇಲೆ ಪರೀಕ್ಷಿಸಲಾಗದ ಭಾಗ ಎಐಎಸ್. ಹಡಗುಗಳು ತಮ್ಮ ಹೆಸರು, ಸ್ಥಾನ, ವೇಗಗಳನ್ನು 161.975 ಹಾಗೂ 162.025 ಮೆಗಾಹರ್ಟ್ಸ್‌ಗಳಲ್ಲಿ ಸ್ವಯಂಚಾಲಿತವಾಗಿ ಸಾರುತ್ತವೆ. ಈ ಅಲೆಗಳು ಬಹುಮಟ್ಟಿಗೆ ನೇರ ದೃಷ್ಟಿಯಷ್ಟೇ ದೂರ ಹೋಗುತ್ತವೆ; ಹಡಗಿನಿಂದ ಹಡಗಿಗೆ ಸುಮಾರು 20 ನಾಟಿಕಲ್ ಮೈಲು, ಅಂದರೆ 37 ಕಿ.ಮೀ. ಸೇಡಮಿಗೆ ಯಾವ ದಿಕ್ಕಿನ ಕಡಲೂ 300 ಕಿ.ಮೀ.ಗಿಂತ ದೂರ. ಇಲ್ಲಿ ಎಐಎಸ್ ಪರದೆ ಖಾಲಿಯಾಗಿದ್ದರೆ ಅದು ಸಹಜ. ಸಾಧನ ಕೆಟ್ಟಿದೆ ಎಂದೂ ಸರಿಯಿದೆ ಎಂದೂ ಹೇಳಲು ಬರುವುದಿಲ್ಲ. ಈ ಪರೀಕ್ಷೆಯನ್ನು ಬಂದರಿನಲ್ಲಿಯೇ ಮಾಡಬೇಕು.

ಅಲ್ಲಿಯೂ ಹಡಗುಗಳು ಕಾಣದಿದ್ದರೆ ಆಂಟೆನಾದ ಎತ್ತರವನ್ನೂ ಜೋಡಣೆಯ ತುದಿಗಳಲ್ಲಿ ಉಪ್ಪುನೀರು ಹಿಡಿಸಿದ ತುಕ್ಕನ್ನೂ ನೋಡಬೇಕು. ಅಗ್ಗದ ಟಿವಿ ಡಾಂಗಲ್ ಅನ್ನು ಎಐಎಸ್‌ಗೆ ಬಳಸುತ್ತಿದ್ದರೆ, ಲಿನಕ್ಸ್ ಅದನ್ನು ಟಿವಿ ಸಾಧನವೆಂದೇ ತಿಳಿದು ವಶಪಡಿಸಿಕೊಂಡಿರಬಹುದು. ಆ ಡ್ರೈವರ್ ಅನ್ನು ತಡೆಯಬೇಕು. ಎಲ್‌ಇಡಿ ದೀಪಗಳೂ ಅಡ್ಡಿಯಾಗಬಲ್ಲವು. 2018ರ ಆಗಸ್ಟ್‌ನಲ್ಲಿ ಅಮೆರಿಕದ ಕೋಸ್ಟ್ ಗಾರ್ಡ್ ಈ ಕುರಿತು ಎಚ್ಚರಿಕೆ ಹೊರಡಿಸಿತ್ತು. ದೀಪ ಆರಿಸಿದಾಗ ಮೌನವಾಗಿರುವ ವಿಎಚ್‌ಎಫ್ ರೇಡಿಯೊ ದೀಪ ಹಚ್ಚಿದೊಡನೆ ಗೊರಗೊರ ಎಂದರೆ ಅಪರಾಧಿ ದೀಪವೇ.

ಕೇಳುವುದು ಬೇರೆ, ಹೇಳುವುದು ಬೇರೆ

ಎಐಎಸ್ ರಿಸೀವರ್ ಕೇಳುತ್ತದೆಯೇ ಹೊರತು ಹೇಳುವುದಿಲ್ಲ. ಅದನ್ನಿಟ್ಟುಕೊಂಡ ದೋಣಿಗೆ ಹಡಗುಗಳು ಕಾಣುತ್ತವೆ, ಹಡಗುಗಳಿಗೆ ದೋಣಿ ಕಾಣುವುದಿಲ್ಲ. ವಾಡಿ ಜಂಕ್ಷನ್ ಬಲ್ಲವರಿಗೆ ರೈಲಿನ ಹೋಲಿಕೆ ಸುಲಭ. ಇಸ್ರೋ ಸಹಯೋಗದಲ್ಲಿ ರೈಲ್ವೆಯ ‘ಕ್ರಿಸ್’ ಸಂಸ್ಥೆ ರೂಪಿಸಿದ ವ್ಯವಸ್ಥೆಯಲ್ಲಿ ಎಂಜಿನ್ ತನ್ನ ಸ್ಥಾನವನ್ನು ತಿಳಿಯುವುದಷ್ಟೇ ಅಲ್ಲದೆ 30 ಸೆಕೆಂಡಿಗೊಮ್ಮೆ ವರದಿ ಮಾಡುತ್ತದೆ. ದೋಣಿಗೂ ಇಂಥ ವರದಿಗಾರ ಬೇಕು. ಒಂದು ಲಕ್ಷ ಮೀನುಗಾರಿಕಾ ದೋಣಿಗಳಿಗೆ ಉಪಗ್ರಹ ಆಧಾರಿತ ಟ್ರಾನ್ಸ್‌ಪಾಂಡರ್ ಅಳವಡಿಸುವ ಕೇಂದ್ರದ ಯೋಜನೆಗೆ 2024ರ ಆಗಸ್ಟ್ 30ರಂದು ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಚಾಲನೆ ದೊರೆತದ್ದು ಈ ಉದ್ದೇಶಕ್ಕಾಗಿಯೇ.

ಕೊನೆಯದಾಗಿ, ಖಾಲಿ ಪರದೆಗಿಂತ ಅಪಾಯಕಾರಿಯಾದದ್ದು ಹಳಸಿದ ಸ್ಥಾನವನ್ನು ತೋರಿಸುತ್ತಿರುವ ಪರದೆ. ಖಾಲಿ ಪರದೆ ಕಂಡವನು ಎಚ್ಚರಗೊಳ್ಳುತ್ತಾನೆ. ಹತ್ತು ನಿಮಿಷದ ಹಿಂದಿನ ಚುಕ್ಕೆಯನ್ನು ಕಂಡವನು ನಂಬಿ ಮುಂದುವರಿಯುತ್ತಾನೆ. ಓಪನ್‌ಸಿಪಿಎನ್‌ನಲ್ಲಿ ಸ್ವಂತ ದೋಣಿಯ ಚಿಹ್ನೆ ಬೂದುಬಣ್ಣಕ್ಕೆ ತಿರುಗಿದರೆ ಸ್ಥಾನಮಾಹಿತಿ ನಿಂತಿದೆ ಎಂದು ತಿಳಿಯಬೇಕು.

ಪರೀಕ್ಷೆಯ ಕ್ರಮ ಸಂಕ್ಷಿಪ್ತವಾಗಿ:

1. ತೆರೆದ ಆಕಾಶದಡಿ ಕಾಲು ಗಂಟೆ ಕಾಯಿರಿ.
2. ಗಣಕ ಸಾಧನವನ್ನು ಗುರುತಿಸಿದೆಯೇ, ವಿದ್ಯುತ್ ಸ್ಥಿರವಾಗಿದೆಯೇ ನೋಡಿ.
3. ಕಿಂಡಿಯ ಹೆಸರು, ಅನುಮತಿ, ವೇಗಗಳನ್ನು ತಾಳೆ ಹಾಕಿ.
4. ಕಿಂಡಿಯನ್ನು ಒಂದೇ ತಂತ್ರಾಂಶ ಓದುತ್ತಿದೆ ಎಂಬುದನ್ನು ಖಚಿತಪಡಿಸಿಕೊಳ್ಳಿ.
5. ‘ಆರ್‌ಎಂಸಿ’ ಸಾಲಿನಲ್ಲಿ ‘ಎ’ ಅಕ್ಷರ, ಸಮಯ, ತಾರೀಖುಗಳನ್ನು ಓದಿ. ಸಮಯ ಮುಂದೆ ಸಾಗುತ್ತಿರಬೇಕು.
6. ಎಐಎಸ್ ಪರೀಕ್ಷೆಯನ್ನು ಬಂದರಿನಲ್ಲಿ, ದೀಪಗಳನ್ನು ಆರಿಸಿ ಒಮ್ಮೆ, ಹಚ್ಚಿ ಒಮ್ಮೆ ಮಾಡಿ.

ಇಷ್ಟಾದ ಮೇಲೂ ದಿಕ್ಸೂಚಿ ಹಾಗೂ ಕಾಗದದ ನಕಾಶೆ ದೋಣಿಯಲ್ಲಿರಲಿ. ಗಂಟೆಗೊಮ್ಮೆ ಸ್ಥಾನವನ್ನು ಪೆನ್ಸಿಲಿನಿಂದ ಗುರುತಿಸಿ, ಸಾಧ್ಯವಾದಾಗಲೆಲ್ಲ ರೇಡಿಯೊ ಮೂಲಕ ಜೊತೆಯ ದೋಣಿಗೆ ತಿಳಿಸಿದರೆ, ಗಣಕ ಮೌನವಾದ ದಿನವೂ ಹುಡುಕುವವರಿಗೆ ಆರಂಭಿಸಲು ಒಂದು ಬಿಂದು ಇರುತ್ತದೆ.