ಪ್ಯಾರಾಶೂಟ್ ಯೋಧ (ಭಾರತ): ಸೇರ್ಪಡೆ ಮತ್ತು ತರಬೇತಿ

ಪ್ಯಾರಾಶೂಟ್ ಯೋಧ: ವಿಮಾನದಿಂದ ಧುಮುಕಿ ರಣರಂಗಕ್ಕಿಳಿಯುವ ಸೈನಿಕ. ಭಾರತದಲ್ಲಿ ಈ ಪಡೆ ಹುಟ್ಟಿದ್ದು ಎರಡನೆಯ ಮಹಾಯುದ್ಧದ ನಡುವೆ, 1941ರ ಅಕ್ಟೋಬರಿನಲ್ಲಿ, ದೆಹಲಿಯಲ್ಲಿ. ಆಗ ಕಟ್ಟಿದ 50ನೆಯ ಪ್ಯಾರಾಶೂಟ್ ಬ್ರಿಗೇಡಿನ ಮೂರು ಬೆಟಾಲಿಯನ್‌ಗಳಲ್ಲಿ 151 ಬ್ರಿಟಿಷರದು, 152 ಭಾರತೀಯರದು, 153 ಗೂರ್ಖರದು. ಒತ್ತಾಯದ ಭರ್ತಿ ಇಲ್ಲಿ ಅಂದೂ ಇರಲಿಲ್ಲ, ಇಂದೂ ಇಲ್ಲ. ಸೈನ್ಯ ಸೇರಲು ಒಮ್ಮೆ, ಜಿಗಿಯಲು ಇನ್ನೊಮ್ಮೆ, ಎರಡು ಸಲ ತಾನಾಗಿ ಒಪ್ಪಬೇಕು.

ಹಾಗೆ ಒಪ್ಪಿ ಮೊದಲು ಜಿಗಿದ ಭಾರತೀಯರು ಇಬ್ಬರು: ಹವಾಲ್ದಾರ್ ಮೇಜರ್ ಮಥುರಾ ಸಿಂಗ್ ಮತ್ತು ಲೆಫ್ಟಿನೆಂಟ್ ಆರ್ಕಾಟ್ ಗೋವಿಂದರಾಜ ರಂಗರಾಜ್. ರಂಗರಾಜ್ 152ನೆಯ ಬೆಟಾಲಿಯನ್ನಿನ ವೈದ್ಯರು. ಇಂಡಿಯನ್ ಮೆಡಿಕಲ್ ಸರ್ವಿಸ್ ಸೇರಿದ್ದ ಈ ತರುಣ ವೈದ್ಯರು ಬಂದೂಕಿನವರ ಸಾಲಿನಲ್ಲೇ ನಿಂತು ಜಿಗಿದದ್ದು ಈ ಪಡೆಯ ಚರಿತ್ರೆಯಲ್ಲಿ ಬಹು ದೊಡ್ಡ ಸಂಗತಿ. ಶತ್ರುವಿನ ಬೆನ್ನ ಹಿಂದೆ ಇಳಿದವರ ಬಳಿಗೆ ಆಂಬುಲೆನ್ಸ್ ಹೋಗಲಾರದು. ಗಾಯಕ್ಕೆ ಪಟ್ಟಿ ಕಟ್ಟುವವನೂ ಅದೇ ಆಕಾಶದಿಂದಲೇ ಇಳಿಯಬೇಕು.

ಅದು ಮುಂದೆ ಕೊರಿಯಾ ಯುದ್ಧದಲ್ಲಿ ಸಾಬೀತಾಯಿತು. ರಂಗರಾಜ್ ನೇತೃತ್ವದ 60ನೆಯ ಪ್ಯಾರಾಶೂಟ್ ಫೀಲ್ಡ್ ಆಂಬುಲೆನ್ಸ್ ಎಂಬ ವೈದ್ಯಕೀಯ ಘಟಕ 1950ರ ಕೊನೆಯಲ್ಲಿ ಅಲ್ಲಿಗೆ ಹೋಯಿತು. ಪಡೆಗಳು ಹಿಂದೆ ಸರಿಯುವಾಗ ಸಾಗಣೆಗೆ ವಾಹನವಿಲ್ಲದೆ, ಸಿಕ್ಕ ಹಳೆಯ ಉಗಿಬಂಡಿಯೊಂದನ್ನು ತಾವೇ ಓಡಿಸಿ ವೈದ್ಯಕೀಯ ಸಾಮಗ್ರಿಯನ್ನು ಉಳಿಸಿಕೊಂಡರು. 1951ರ ಮಾರ್ಚ್ 23ರಂದು ಮುನ್ಸಾನ್ ಬಳಿ ಅಮೆರಿಕದ ಸೈನಿಕರೊಂದಿಗೆ ಈ ಘಟಕದವರೂ ಧುಮುಕಿದರು. ರಂಗರಾಜರಿಗೆ ಮಹಾವೀರ ಚಕ್ರ ಸಂದಿತು. 1953ರಲ್ಲಿ ಯುದ್ಧಕೈದಿಗಳ ವಾಪಸಾತಿಗೆ ಕೊಡಗಿನ ಜನರಲ್ ತಿಮ್ಮಯ್ಯನವರು ಕೊರಿಯಾಕ್ಕೆ ಬಂದಾಗಲೂ ಈ ಘಟಕ ಅಲ್ಲಿಯೇ ಇತ್ತು. ಸೈನ್ಯ ಬಿಟ್ಟ ಮೇಲೆ ರಂಗರಾಜ್ ಆಫ್ಘಾನಿಸ್ತಾನದಲ್ಲಿ ಸಿಡುಬು ನಿರ್ಮೂಲನೆಗೆ ದುಡಿದರು.

ಪ್ಯಾರಾಶೂಟ್ ರೆಜಿಮೆಂಟಿನ ತರಬೇತಿ ಕೇಂದ್ರ ಈಗ ಬೆಂಗಳೂರಿನಲ್ಲಿದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೆಂಗಿನ ಸೀಮೆಯಿಂದ ಸೇನೆಗೆ ಹೊರಡುವ ಹುಡುಗರಿಗೆ ಇದು ದೂರದ ಊರಲ್ಲ. 2022ರ ನಂತರ ಅಗ್ನಿವೀರರಾಗಿಯೇ ಒಳಹೋಗಬೇಕು. ಮೊದಲು ಆನ್‌ಲೈನ್ ಪರೀಕ್ಷೆ, ಬಳಿಕ ರ‍್ಯಾಲಿಯಲ್ಲಿ 1.6 ಕಿ.ಮೀ. ಓಟ, ಪುಲ್‌ಅಪ್, ವೈದ್ಯಕೀಯ ತಪಾಸಣೆ. ಪ್ಯಾರಾಶೂಟ್ ರೆಜಿಮೆಂಟಿಗೆ ಆಯ್ಕೆಯಾದವರಿಗೆ ಬೆಂಗಳೂರಿನ ತರಬೇತಿಯ ಮೇಲೆ ಬೆಟಾಲಿಯನ್ನಿನಲ್ಲಿ ಪರೀಕ್ಷಾವಧಿ ಕಾದಿರುತ್ತದೆ. ಭಾರ ಹೊತ್ತು ದೂರದ ಓಟ, ನಿದ್ದೆಗೆಟ್ಟ ರಾತ್ರಿಗಳು. ಅದನ್ನು ದಾಟಲಾಗದೆ ಮರಳುವವರಿದ್ದಾರೆ. ದಾಟಿದವರು ಆಗ್ರಾದ ವಾಯುಪಡೆ ಶಾಲೆಗೆ ಹೋಗಿ ಐದು ಸಲ ಜಿಗಿಯುತ್ತಾರೆ, ಅದರಲ್ಲೊಂದು ರಾತ್ರಿಯ ಜಿಗಿತ. ಐದೂ ಮುಗಿದ ಮೇಲೆಯೇ ರೆಕ್ಕೆಯ ಬಿಲ್ಲೆ.